ಆರಿದ್ದು ನೀರು, ಉಪ್ಪಲ್ಲ

ಕೇಳುಗರಿಗೆ ನಮಸ್ಕಾರ.

ವಿಜಯಪುರದಲ್ಲಿ ಕುಳಿತು ಹವಳ ಸಾಕುವುದರ ಬಗ್ಗೆ ಮಾತನಾಡುತ್ತೇನೆ ಎಂದಾಗ ರೇಡಿಯೋ ನಿಲಯದವರೇ ಒಮ್ಮೆ ನಕ್ಕರು. ಕುಡಿಯುವ ನೀರಿಗೇ ಕೊಡ ಹಿಡಿದು ಕಾಯುವ ಊರಿನಲ್ಲಿ ಸಮುದ್ರವನ್ನು ಎಲ್ಲಿಂದ ತರುತ್ತೀರಿ ಎಂದರು. ತರಬೇಕಾಗಿಲ್ಲ, ಮನೆಯಲ್ಲೇ ಕಲಸಬಹುದು. ನಮ್ಮ ಜಿಲ್ಲೆಯಲ್ಲೂ, ಪಕ್ಕದ ಬಾಗಲಕೋಟೆ, ಬೆಳಗಾವಿಗಳಲ್ಲೂ ಹವಳದ ತೊಟ್ಟಿ ಇಟ್ಟವರಿದ್ದಾರೆ. ಬೇಸಿಗೆ ಬಂತೆಂದರೆ ಅವರ ಫೋನ್ ಕರೆಗಳು ಶುರುವಾಗುತ್ತವೆ. ಇಂದಿನ ಮಾತು ಅವರಿಗಾಗಿ.

ಅಜ್ಜಿಯ ಕೊರಳಿನ ಸರದಲ್ಲಿ ಮಾತ್ರ ಹವಳವನ್ನು ನೋಡಿದವರು ಅದನ್ನು ಕಲ್ಲು ಎಂದುಕೊಂಡಿರುತ್ತಾರೆ. ಹವಳ ಪ್ರಾಣಿ. ನಮ್ಮ ತೊಟ್ಟಿಗಳಲ್ಲಿ ಸಾಕುವ ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಮನೆಮಾಡಿರುತ್ತದೆ. ಬೆಳಕು ಬಿದ್ದಾಗ ಆ ಪಾಚಿ ಆಹಾರ ತಯಾರಿಸುತ್ತದೆ, ಹವಳದ ಊಟದ ಬಹುಪಾಲು ಅದೇ. ನೀರು ಕಾದರೆ ಅಥವಾ ಕೆಟ್ಟರೆ ಹವಳ ಪಾಚಿಯನ್ನು ಹೊರದಬ್ಬಿ ಬೆಳ್ಳಗಾಗುತ್ತದೆ, ಬಹಳ ದಿನ ಹಾಗೆಯೇ ಇದ್ದರೆ ಸಾಯುತ್ತದೆ. ಮೀನಾದರೆ ಅತ್ತ ಇತ್ತ ಸರಿದಾಡುತ್ತದೆ. ಹವಳ ಅಂಟಿಕೊಂಡಲ್ಲೇ ಇರಬೇಕು, ನೀವು ಕೊಟ್ಟ ನೀರಿನಲ್ಲೇ ಬಾಳಬೇಕು.

ಆ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರಬೇಕು. ಸಮುದ್ರದಲ್ಲಿ ಇರುವುದೂ ಅಷ್ಟೇ, ನಿನ್ನೆಯೂ ಅಷ್ಟೇ, ನಾಳೆಯೂ ಅಷ್ಟೇ. ಹವಳಕ್ಕೆ ಬೇಕಾದದ್ದು ಆ ಬದಲಾಗದಿರುವಿಕೆ. ಆದ್ದರಿಂದ ಇಂದು ನಾನು ಹೇಳುವುದು ಒಂದೇ ಮಾತು, ಬೇಕಾದರೆ ತೊಟ್ಟಿಯ ಮೇಲೆ ಚೀಟಿ ಬರೆದು ಅಂಟಿಸಿಕೊಳ್ಳಿ. ತೊಟ್ಟಿಯಿಂದ ಆರಿಹೋಗುವುದು ನೀರು, ಉಪ್ಪಲ್ಲ. ಆರಿದಷ್ಟನ್ನು ಸಿಹಿನೀರಿನಿಂದಲೇ ತುಂಬಿ.

ಇದೇನು ದೊಡ್ಡ ವಿಷಯ ಎನ್ನುತ್ತೀರಿ. ನಮ್ಮ ಊರಿನ ಒಬ್ಬ ಬಟ್ಟೆ ವ್ಯಾಪಾರಿಯ ಕಥೆ ಹೇಳುತ್ತೇನೆ, ಕೇಳಿ.

ಅವರು ಅಂಗಡಿಯ ಮೇಲಿನ ಮನೆಯಲ್ಲಿ 100 ಲೀಟರಿನ ತೊಟ್ಟಿ ಇಟ್ಟರು. ಮುಂಬೈಗೆ ಸರಕಿಗಾಗಿ ಹೋದಾಗ ಅಣಬೆಯಂತೆ ಅಗಲವಾಗಿ ಹರಡುವ ಮೆದು ಹವಳ, ಹಸಿರು ಎಳೆಗಳು ಹುಲ್ಲಿನಂತೆ ಅಲೆದಾಡುವ ಮತ್ತೊಂದು ತಳಿ, ಹೀಗೆ ಕೆಲವನ್ನು ಕೊಂಡು ತಂದರು. ಚಳಿಗಾಲವೆಲ್ಲ ಚೆನ್ನಾಗಿತ್ತು. ಏಪ್ರಿಲ್ ಬಂತು. ನೀರು ಕಾಯಬಾರದೆಂದು ತೊಟ್ಟಿಯ ಮೇಲೆ ಫ್ಯಾನ್ ತಿರುಗಿಸಿಟ್ಟರು. ಅದು ಸರಿಯಾದ ಕೆಲಸವೇ. ನಮ್ಮ ಒಣ ಗಾಳಿಯಲ್ಲಿ ಫ್ಯಾನ್ ಒಂದೇ ನೀರನ್ನು ಎರಡು ಮೂರು ಡಿಗ್ರಿ ಇಳಿಸುತ್ತದೆ, ಮಂಗಳೂರಿನ ಜಿಗುಟು ಸೆಕೆಯಲ್ಲಿ ಅಷ್ಟು ಇಳಿಯುವುದಿಲ್ಲ. ಆದರೆ ತಂಪಾಗುವುದೆಂದರೆ ನೀರು ಆರಿಹೋಗುವುದೆಂದೇ ಲೆಕ್ಕ. ದಿನಕ್ಕೆ ಎರಡು ಲೀಟರ್ ಕಡಿಮೆಯಾಗತೊಡಗಿತು. ಇವರು ಶಿಸ್ತಿನ ಮನುಷ್ಯರು. ಪ್ರತಿದಿನ ಬೆಳಿಗ್ಗೆ ಸ್ನಾನ ಮುಗಿಸಿ, ತಕ್ಕಡಿಯಲ್ಲಿ ಉಪ್ಪು ತೂಗಿ, ಎರಡು ಲೀಟರ್ ಉಪ್ಪುನೀರು ಕಲಸಿ ತೊಟ್ಟಿಗೆ ಸುರಿಯುತ್ತಿದ್ದರು.

ವಾರ ಕಳೆಯುವಷ್ಟರಲ್ಲಿ ಹಸಿರು ಎಳೆಗಳು ಒಳಗೆ ಸೇರಿಕೊಂಡು ಹೊರಗೆ ಬರಲಿಲ್ಲ. ಅಣಬೆ ಹವಳ ಮುದುಡಿ ಗುಂಡಿಯಷ್ಟಾಯಿತು. ಬೆಳಕು ಸಾಲದೆಂದು ಹೊಸ ದೀಪ ತಂದರು. ಕ್ಯಾಲ್ಸಿಯಂ ಸಾಲದೆಂದು ಬಾಟಲಿ ತರಿಸಿದರು. ಯಾರೋ ಬಂಧುಗಳ ದೃಷ್ಟಿ ತಾಕಿದೆ ಎಂದು ತೊಟ್ಟಿಯ ಮೂಲೆಗೆ ನಿಂಬೆಹಣ್ಣನ್ನೂ ಕಟ್ಟಿದ್ದರು! ಕೊನೆಗೆ ನನ್ನನ್ನು ಕರೆದರು.

ನಾನು ಹೋದವನು ಮೊದಲು ನೋಡಿದ್ದು ಗಾಜಿನ ಅಂಚನ್ನು. ಅಲ್ಲಿ ಬೆರಳಿಟ್ಟರೆ ಗರಗರ ಎನ್ನುವ ಬಿಳಿಯ ಪೊರೆ. ರಿಫ್ರಾಕ್ಟೋಮೀಟರ್ ಎಂಬ ಸಣ್ಣ ದುರ್ಬೀನಿನಂಥ ಉಪಕರಣವಿದೆ. ಅದರ ಗಾಜಿನ ಮೇಲೆ ಒಂದು ಹನಿ ನೀರು ಹಾಕಿ, ಮುಚ್ಚಳ ಒತ್ತಿ, ಬೆಳಕಿನ ಕಡೆಗೆ ಹಿಡಿದು ನೋಡಿದರೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆಯೇ ಉಪ್ಪಿನ ಲೆಕ್ಕ. ಗೆರೆ 42ರ ಮೇಲೆ ನಿಂತಿತ್ತು. ಲೆಕ್ಕ ನೋಡಿ: ಎರಡು ಲೀಟರಿನಲ್ಲಿ 70 ಗ್ರಾಂ ಉಪ್ಪು, ಹತ್ತು ದಿನಕ್ಕೆ 700 ಗ್ರಾಂ. ಮೂರೂವರೆ ಕಿಲೋ ಇರಬೇಕಾದಲ್ಲಿ ನಾಲ್ಕು ಕಿಲೋ ಇನ್ನೂರು ಗ್ರಾಂ ಆಗಿತ್ತು.

ನಾನು ಇದನ್ನೆಲ್ಲ ಕಾಗದದ ಮೇಲೆ ಬರೆದು ವಿವರಿಸುತ್ತಿದ್ದೆ. ವ್ಯಾಪಾರಿಗಳು ತಲೆಯಾಡಿಸುತ್ತಿದ್ದರೂ ಒಪ್ಪಿದಂತೆ ಕಾಣಲಿಲ್ಲ, 'ಸಮುದ್ರದ ನೀರಿಗೆ ಸಮುದ್ರದ ನೀರನ್ನೇ ಅಲ್ಲವೇ ಸರ್ ಹಾಕಬೇಕಾದದ್ದು?' ಎಂದರು. ಅಲ್ಲೇ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕುಳಿತಿದ್ದ ಅವರ ತಾಯಿ ತಲೆ ಎತ್ತದೆ ಹೇಳಿದರು: 'ತಮ್ಮಾ, ಸಾರು ಕುದಿದು ಬತ್ತಿದರೆ ನೀರು ಹಾಕುತ್ತೇವೆ. ಮತ್ತೊಮ್ಮೆ ಉಪ್ಪು ಹಾಕುವವರು ಯಾರಪ್ಪಾ?' ನಾನು ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡೆ.

ಒಂದೇ ದಿನದಲ್ಲಿ ಸರಿಮಾಡಬೇಡಿ ಎಂದು ಅವರಿಗೆ ಹೇಳಿದೆ, ನಿಮಗೂ ಹೇಳುತ್ತೇನೆ. ಏರಿದ ಉಪ್ಪು ಹವಳಕ್ಕೆ ಒಂದು ಪೆಟ್ಟಾದರೆ, ಥಟ್ಟನೆ ಇಳಿಸುವುದು ಇನ್ನೊಂದು ಪೆಟ್ಟು. ದಿನಕ್ಕೆ ಎರಡೂವರೆ ಲೀಟರ್ ಉಪ್ಪುನೀರು ತೆಗೆದು ಅಷ್ಟೇ ಸಿಹಿನೀರು ಹಾಕುತ್ತಾ ಬಂದರು, ವಾರದಲ್ಲಿ 35ಕ್ಕೆ ಇಳಿಯಿತು. ಹಸಿರು ಎಳೆಗಳು ಮೊದಲು ಹೊರಬಂದವು. ಅಣಬೆಗಳಲ್ಲಿ ಎರಡು ಉಳಿಯಲಿಲ್ಲ.

ಕಥೆಯಲ್ಲೇ ನನ್ನ ಅರ್ಧ ಸಮಯ ಮುಗಿದಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಸಿಹಿನೀರು ಎಂದರೆ ಬೋರ್‌ವೆಲ್‌ನ ಸವಳು ನೀರಲ್ಲ. ಅದರಲ್ಲಿ ಕರಗಿರುವುದೂ ಉಪ್ಪಿನಂತೆಯೇ ತೊಟ್ಟಿಯಲ್ಲಿ ಉಳಿದುಹೋಗುತ್ತದೆ, ದಿನದಿನಕ್ಕೆ ಕೂಡುತ್ತದೆ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರು ನಮಗೆ ಕುಡಿಯಲು ಸಾಕು, ಹವಳಕ್ಕೆ ಸಾಲದು. ಆರ್‌ಓ ಆದ ಮೇಲೆ ಉಳಿದ ಲವಣಗಳನ್ನೂ ಹಿಡಿದಿಡುವ ಡಿಐ ರಾಳದ ಇನ್ನೊಂದು ಕೊಳವೆ ಜೋಡಿಸಿಕೊಳ್ಳಿ. ನೀರಿನಲ್ಲಿ ಕರಗಿದ್ದನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಆ ನೀರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ, ದಯವಿಟ್ಟು ತಾಮ್ರದ ಹಂಡೆಯಲ್ಲಿ ಬೇಡ. ನಮ್ಮ ಮನೆಗಳಲ್ಲಿ ತಾಮ್ರದ ನೀರು ಆರೋಗ್ಯ ಎನ್ನುತ್ತಾರೆ. ಹವಳಕ್ಕೆ ತಾಮ್ರ ವಿಷ. ಮೀನಿನ ರೋಗಕ್ಕೆ ಕೊಡುವ ತಾಮ್ರದ ಔಷಧಿಯೂ ಈ ತೊಟ್ಟಿಗೆ ಬೇಡ.

ಉಪ್ಪು ಅಂದರೆ ಅಡುಗೆ ಉಪ್ಪಲ್ಲ, ಸಾಣಿಕಟ್ಟೆಯ ಹರಳುಪ್ಪೂ ಅಲ್ಲ. ಗದ್ದೆಯಲ್ಲಿ ಉಪ್ಪು ಹರಳುಗಟ್ಟುವ ಮೊದಲೇ ಕ್ಯಾಲ್ಸಿಯಂ ತಳಕ್ಕೆ ಇಳಿದಿರುತ್ತದೆ, ಮೆಗ್ನೀಸಿಯಂ ಕೊನೆಯ ಕಹಿನೀರಿನ ಜೊತೆ ಹರಿದುಹೋಗಿರುತ್ತದೆ. ಹವಳಕ್ಕೆಂದೇ ಮಾರುವ ಮಿಶ್ರಣ ತನ್ನಿ. ನೀರು ಬದಲಾಯಿಸುವಾಗ, ಅಂದರೆ ಹಳೆಯ ನೀರನ್ನು ನೀವೇ ತೆಗೆದಾಗ, ಉಪ್ಪುನೀರು ಹಾಕಿ. ತಾನಾಗಿ ಆರಿದಾಗ ಸಿಹಿನೀರು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

ಶಾಖ 25, 26 ಡಿಗ್ರಿಯ ಹತ್ತಿರವಿರಲಿ. 30 ದಾಟಿದರೆ ಅಪಾಯ. ಫ್ಯಾನಿಗೆ ಬಗ್ಗದಿದ್ದರೆ ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಬೇಕು, ಅದಕ್ಕೆ ಹಣ ಬೇಕು. ಕರೆಂಟು ಹೋದಾಗ ದೀಪದ ಚಿಂತೆ ಬಿಡಿ, ನೀರು ಅಲುಗಾಡುತ್ತಿರಲಿ, ಬ್ಯಾಟರಿಯ ಗಾಳಿ ಪಂಪು ಒಂದಿರಲಿ. ಹೊಸ ತೊಟ್ಟಿಯನ್ನು ನಾಲ್ಕರಿಂದ ಆರು ವಾರ ಹಾಗೆಯೇ ಓಡಿಸಿ, ಕೊಳಕಿನಿಂದ ಹುಟ್ಟುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಹವಳ ತನ್ನಿ. ಜೋಅಂಥಿಡ್ ಜಾತಿಯ ಹವಳಗಳಲ್ಲಿ ಕೆಲವು ತೀವ್ರ ವಿಷದವು, ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ, ಅವು ಅಂಟಿದ ಕಲ್ಲನ್ನು ಎಂದಿಗೂ ಕುದಿಸಬೇಡಿ.

ಇನ್ನು ಗಟ್ಟಿ ಹವಳ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ: ಬಂಡೆ ಕಟ್ಟುವ ಹವಳಗಳು, ಸಮುದ್ರ ಬೀಸಣಿಗೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಯೂ ಅದೇ ಅನುಸೂಚಿಯಲ್ಲಿದೆ. ನೇತ್ರಾಣಿಯಿಂದಲೋ ಲಕ್ಷದ್ವೀಪದಿಂದಲೋ ಒಂದು ತುಂಡು ಕಿತ್ತು ತಂದರೂ ಅಪರಾಧ. ಮೆದು ಹವಳಗಳನ್ನೂ ಬಿಲ್ಲು ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಪ್ರಶ್ನೆಗಳಿದ್ದವರು ನಿಲಯದ ವಿಳಾಸಕ್ಕೆ ಪತ್ರ ಬರೆಯಿರಿ. ತೊಟ್ಟಿ ಎಷ್ಟು ಲೀಟರಿನದು, ಉಪ್ಪಿನ ಗೆರೆ ಎಷ್ಟರಲ್ಲಿದೆ, ಯಾವ ನೀರು ತುಂಬುತ್ತಿದ್ದೀರಿ, ಈ ಮೂರನ್ನೂ ಬರೆಯಬೇಕು. 'ಹವಳ ಬಾಡಿದೆ, ಏನು ಮಾಡಲಿ' ಎಂಬ ಒಂದೇ ಸಾಲಿನ ಪತ್ರಕ್ಕೆ ನಾನು ಉತ್ತರಿಸಲಾರೆ.

ನಮಸ್ಕಾರ.