ಹುಲಿಯ ಮುಂದೆ ಎರಡು ನಿಮಿಷ

ಕೇಳುಗರಿಗೆಲ್ಲ ನಮಸ್ಕಾರ. ರಜೆ ಶುರುವಾಯಿತು. ಮನೆಗೆ ನೆಂಟರು ಬಂದಿರುತ್ತಾರೆ, ಹುಲಿ ತೋರಿಸಿ ಅಂತ ಮಕ್ಕಳ ಹಟ. ಶಿವಮೊಗ್ಗದಿಂದ ಸಾಗರದ ದಾರಿಯಲ್ಲಿ 10 ಕಿಲೋಮೀಟರ್ ಹೋದರೆ ತ್ಯಾವರೆಕೊಪ್ಪ. 1988ರಿಂದ ಅಲ್ಲಿ ಹುಲಿ-ಸಿಂಹ ಸಫಾರಿ ಇದೆ. ಬೇಲಿ ಹಾಕಿದ ಕಾಡಿನೊಳಗೆ ಸಫಾರಿ ಬಸ್ಸಿನಲ್ಲಿ ಕೂತು ನೋಡಿಬರಬಹುದು.

ಹೋಗಿ. ಆದರೆ ಬಸ್ಸಿನಲ್ಲಿ ಸುಮ್ನೆ ಕೂತ್ಕೊಳ್ಳಿ. ಇವತ್ತು ನಾನು ಹೇಳಬೇಕಾದ್ದು ಇಷ್ಟೇ.

ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದವಳು. ಒಂದು ಸಲ 40 ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬಿದಿರು ಮೆಳೆಯ ನೆರಳಲ್ಲಿ ಹುಲಿ ಮಲಗಿತ್ತು, ನಮಗೆ ಬೆನ್ನು ಹಾಕಿಕೊಂಡು. ಮಕ್ಕಳು ಕೂಗಿದರು, ಸಿಳ್ಳೆ ಹಾಕಿದರು. ಅದು ಬಾಲ ಕೂಡ ಅಲ್ಲಾಡಿಸಲಿಲ್ಲ. "ಹಾರ್ನ್ ಹೊಡೀರಿ ಅಣ್ಣಾ" ಅಂತ ಡ್ರೈವರಿಗೆ ದುಂಬಾಲು ಬಿದ್ದರು. ನಾನು ಬೇಡ ಅಂದೆ. ಎರಡೇ ನಿಮಿಷ ಬಾಯಿ ಮುಚ್ಚಿಕೊಂಡು ನೋಡಿ ಅಂದೆ.

ನೋಡಿದರು. ಹಿಂದಿನ ಸೀಟಿನಲ್ಲಿದ್ದ ಹುಡುಗಿ ಮೆಲ್ಲಗೆ, "ಮೇಡಂ, ಹುಲಿಗೆ ಹಿಂದುಗಡೆಯೂ ಕಣ್ಣಿದೆ!" ಅಂದಳು. ಹುಲಿಯ ಕಿವಿಯ ಹಿಂಭಾಗ ಕಪ್ಪು, ನಡುವೆ ದುಂಡನೆಯ ಬಿಳಿ ಬೊಟ್ಟು. ದೂರದಿಂದ ಕಣ್ಣಿನ ಹಾಗೇ ಕಾಣುತ್ತದೆ. ತಾಯಿಯ ಹಿಂದೆ ನಡೆಯುವ ಮರಿಗಳಿಗೆ ಅದೇ ಗುರುತು ಅನ್ನುತ್ತಾರೆ. ಪುಸ್ತಕದಲ್ಲಿ ನಾನು ಎಷ್ಟು ಸಲ ತೋರಿಸಿದ್ದೆನೋ, ಅವಳು ತಾನೇ ಕಂಡುಕೊಂಡಳು.

ಅಷ್ಟರಲ್ಲಿ ಹುಲಿ ಎದ್ದಿತು. ಮೈ ಮುರಿಯಿತು. ನೀರಿನ ತೊಟ್ಟಿಯ ಹತ್ತಿರ ಹೋಗಿ, ತಿರುಗಿ, ಹಿಂಗಾಲು ಮೊದಲು ಇಟ್ಟು ನಿಧಾನಕ್ಕೆ ಕುಳಿತಿತು. ಹುಲಿಗೆ ನೀರು ಇಷ್ಟ, ಮುಖಕ್ಕೆ ಸಿಡಿಯುವುದು ಇಷ್ಟವಿಲ್ಲ. ಕುತ್ತಿಗೆಯವರೆಗೆ ಮುಳುಗಿ ನಮ್ಮ ಕಡೆ ನೋಡಿತು. ಆಮೇಲೆ ಗೇಟು ದಾಟುವವರೆಗೆ ಬಸ್ಸಿನಲ್ಲಿ ಒಬ್ಬರೂ ಮಾತಾಡಲಿಲ್ಲ. ಕೂಗಿದ್ದರೆ ಇದೆಲ್ಲ ಸಿಗುತ್ತಿತ್ತಾ?

"ಬರೀ ಮಲಗಿರ್ತವೆ, ದುಡ್ಡು ದಂಡ" ಅನ್ನುವವರು ಜಾಸ್ತಿ. ಸಿಂಹ ದಿನಕ್ಕೆ 18–20 ಗಂಟೆ ಬಿದ್ದುಕೊಂಡೇ ಇರುವ ಪ್ರಾಣಿ. ಅದು ಸೋಮಾರಿತನವಲ್ಲ ಸ್ವಾಮಿ, ಅದರ ಬದುಕೇ ಹಾಗೆ. ಅಂದಹಾಗೆ ಸಿಂಹ ನಮ್ಮ ಮಲೆನಾಡಿನದಲ್ಲ, ನಮ್ಮ ದೇಶದಲ್ಲಿ ಅದರ ಕಾಡು ಗುಜರಾತಿನ ಗಿರ್. ಹುಲಿ ಮಾತ್ರ ನಮ್ಮದು, ಭದ್ರಾ ಕಾಡಿನಲ್ಲಿ ಇವತ್ತಿಗೂ ಓಡಾಡಿಕೊಂಡಿದೆ.

ಚಿರತೆ, ಕರಡಿ ವಿಚಾರ ಹೇಳಬೇಕಿತ್ತು, ಸಮಯ ಸಾಲದು. ಬಿಸಿಲು ಏರುವ ಮೊದಲೇ ಹೋಗಿ. ಮಂಗಳವಾರ ರಜೆ, ಅವತ್ತು ಹೋಗಬೇಡಿ. ಕುರುಕಲು ತಿಂಡಿಯ ಪೊಟ್ಟಣ ಕಿಟಕಿಯಿಂದ ಎಸೆಯಬೇಡಿ. ಬಸ್ಸು ನಿಂತ ಕೂಡಲೇ ಮಕ್ಕಳ ಕೈ ಹಿಡಿದುಕೊಂಡು, ದಯವಿಟ್ಟು, ಎರಡು ನಿಮಿಷ ಸುಮ್ನಿರಿ. ನಮಸ್ಕಾರ.