ಬರದ ನಾಡಿನ ಮೇಣದ ಮರ: ಸೆಯಾರಾದ ಕಾರ್ನೌಬಾ ತೋಪುಗಳಲ್ಲಿ

ತೆರೆಯ ಮೇಲೆ ಈಗ ಕಾಣುತ್ತಿರುವುದು ಒಣಗಿದ ತಾಳೆಜಾತಿಯ ಗರಿ. ಅದನ್ನು ತುಸು ಬಾಗಿಸಿದೊಡನೆ ಮಡಿಕೆಗಳ ನಡುವಿನಿಂದ ಉದುರುವ ತೆಳ್ಳನೆಯ ಹುಡಿಯೇ ಕಾರ್ನೌಬಾ ಮೇಣದ ಮೂಲರೂಪ. ಕಾರಿನ ಪಾಲಿಶ್, ಬೂಟಿನ ಪಾಲಿಶ್, ಲಿಪ್‌ಸ್ಟಿಕ್, ಗುಳಿಗೆಗಳ ಮೇಲಿನ ನಯವಾದ ಲೇಪ, ಮಕ್ಕಳ ಮಿಠಾಯಿಯ ಹೊಳಪು ಇವೆಲ್ಲಕ್ಕೂ ಈ ಹುಡಿ ಬಳಕೆಯಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಮಿಠಾಯಿ ಪೊಟ್ಟಣದ ಹಿಂಬದಿಯಲ್ಲಿ 903 ಎಂಬ ಸಂಖ್ಯೆ ಕಂಡರೆ ಅದು ಇದೇ ಮೇಣ.

ಈ ಮೇಣವನ್ನು ವಾಣಿಜ್ಯ ಪ್ರಮಾಣದಲ್ಲಿ ಕೊಡುವ ಪ್ರದೇಶ ಜಗತ್ತಿನಲ್ಲಿ ಒಂದೇ: ಬ್ರೆಜಿಲ್ ದೇಶದ ಈಶಾನ್ಯ ಭಾಗ, ಅದರಲ್ಲೂ ಮುಖ್ಯವಾಗಿ ಸೆಯಾರಾ, ಪಿಯಾವೀ ಮತ್ತು ರಿಯೊ ಗ್ರಾಂಡೆ ಡೊ ನಾರ್ಟೆ ರಾಜ್ಯಗಳು. ನಾವು ನಿಂತಿರುವುದು ಸೆಯಾರಾದ ಜಾಗ್ವಾರೀಬೆ ನದಿಯ ಬಯಲಿನಲ್ಲಿ. ಸಸ್ಯಶಾಸ್ತ್ರಜ್ಞರು ಕೋಪರ್ನಿಸಿಯಾ ಪ್ರುನಿಫೆರಾ ಎಂದು ಕರೆಯುವ ಈ ಮರ ಸಾಮಾನ್ಯವಾಗಿ 10ರಿಂದ 15 ಮೀಟರ್ ಎತ್ತರಕ್ಕೆ ಬೆಳೆಯುತ್ತದೆ. ಕಾಂಡದ ಕೆಳಭಾಗದಲ್ಲಿ ಹಳೆಯ ಗರಿಗಳ ಬುಡಗಳು ಸುರುಳಿಯಾಗಿ ಉಳಿದುಕೊಂಡಿರುತ್ತವೆ. ತುದಿಯಲ್ಲಿ ಬೀಸಣಿಗೆಯಾಕಾರದ ಗರಿಗಳ ದುಂಡನೆಯ ಮಂಡೆ ಇರುತ್ತದೆ.

ಮರವೇಕೆ ಮೇಣ ಸುರಿಸುತ್ತದೆ ಎಂಬುದು ತಿಳಿಯಬೇಕಾದರೆ ಇಲ್ಲಿನ ಋತುಗಳನ್ನು ನೋಡಬೇಕು. ವರ್ಷದ ಮೊದಲ ತಿಂಗಳುಗಳಲ್ಲಿ ಮಳೆ ಬಂದು ನದಿ ಉಕ್ಕಿ ಈ ಬಯಲುಗಳು ನೀರಿನಲ್ಲಿ ಮುಳುಗುವುದುಂಟು. ಅನಂತರ ತಿಂಗಳುಗಟ್ಟಲೆ ಒಂದು ಹನಿಯೂ ಬೀಳುವುದಿಲ್ಲ. ಬೇರಿಗೆ ನೆಲದಾಳದ ತೇವ ಸಿಗುತ್ತದೆಯಾದರೂ ಗರಿಯ ಸುತ್ತ ಕಾದ ಒಣಗಾಳಿ ಬೀಸುತ್ತಿರುವುದರಿಂದ, ಒಳಗಿನ ನೀರು ಆವಿಯಾಗಿ ಹೋಗದಂತೆ ಮರವು ಗರಿಯ ಎರಡೂ ಮೈಗಳಿಗೆ ಮೇಣದ ಪದರವನ್ನು ಹೊದಿಸಿಕೊಳ್ಳುತ್ತದೆ. ಮಳೆ, ಬರ, ಉಪ್ಪುನೆಲ ಮೂರನ್ನೂ ತಾಳಿಕೊಂಡು ಬದುಕುವ ಈ ಮರದ ಬಗ್ಗೆ ನನಗೆ ಹುಟ್ಟಿದ ಗೌರವ ಇಲ್ಲಿಂದಲೇ ಆರಂಭವಾಯಿತು.

ವರ್ಷದ ಉತ್ತರಾರ್ಧದ ಒಣ ತಿಂಗಳುಗಳಲ್ಲಿ ಕೊಯ್ಲು ನಡೆಯುತ್ತದೆ. ನಮ್ಮ ಕಡೆಯ ಅಡಿಕೆ ತೋಟಗಳಲ್ಲಿ ದೋಟಿ ಹಿಡಿದು ಕೊನೆ ಇಳಿಸುವವರನ್ನು ಕಂಡವರಿಗೆ ಈ ದೃಶ್ಯ ಹೊಸದೆನಿಸದು: ಉದ್ದನೆಯ ಬಿದಿರುಗಳದ ತುದಿಗೆ ಬಾಗಿದ ಕತ್ತಿ ಕಟ್ಟಿ, ನೆಲದ ಮೇಲೆ ನಿಂತೇ ಗರಿಯ ದಂಟನ್ನು ಕೊಯ್ಯುತ್ತಾರೆ. ದಂಟಿನ ಅಂಚುಗಳಲ್ಲಿ ಕೊಕ್ಕೆಯಂತಹ ಗಟ್ಟಿ ಮುಳ್ಳುಗಳಿರುವುದರಿಂದ, ಮೇಲಿನಿಂದ ಬೀಳುವ ಗರಿಯಿಂದ ತಪ್ಪಿಸಿಕೊಂಡೇ ಮುಂದಿನ ಗರಿಗೆ ಗಳ ಏರಿಸಬೇಕು. ಸುಳಿಯನ್ನೂ ಅದರ ಸುತ್ತಲಿನ ಕೆಲವು ಎಳೆಯ ಗರಿಗಳನ್ನೂ ಮರಕ್ಕೇ ಬಿಡುವುದು ಬಲ್ಲವರ ಪದ್ಧತಿ. ಹಾಗೆ ಬಿಟ್ಟರೆ ಮರ ಮುಂದಿನ ವರ್ಷಕ್ಕೆ ಮತ್ತೆ ಮಂಡೆ ತುಂಬಿಕೊಳ್ಳುತ್ತದೆ. ಮರವನ್ನು ಕಡಿಯದೆ, ನೆಲವನ್ನು ಉಳದೆ, ಬರಗಾಲದಲ್ಲಿಯೂ ದುಡಿಮೆ ಕೊಡುವ ಬೆಳೆ ಇದೊಂದು ಎಂಬ ಕಾರಣಕ್ಕೆ ಇಲ್ಲಿನವರು ಇದನ್ನು ಜೀವವೃಕ್ಷವೆಂದು ಕರೆಯುತ್ತಾರೆ. ಸೆಯಾರಾ ಸರ್ಕಾರವು 2004ರಲ್ಲಿ ಇದನ್ನು ರಾಜ್ಯದ ಸಂಕೇತವೃಕ್ಷವೆಂದು ಘೋಷಿಸಿತು.

ಕೊಯ್ದ ಗರಿಗಳನ್ನು ಬಯಲಿನಲ್ಲಿ ಸಾಲಾಗಿ ಹರಡಿ ಕೆಲವು ದಿನ ಒಣಗಿಸುತ್ತಾರೆ. ಗರಿ ಒಣಗಿ ಕುಗ್ಗಿದಂತೆ ಮೇಣದ ಪದರ ಬಿರುಕು ಬಿಟ್ಟು ಹುಡಿಯಾಗುತ್ತದೆ. ಗಾಳಿ ಜೋರಾಗಿ ಬೀಸಿದರೆ ಈ ಹಂತದಲ್ಲಿಯೇ ಸಾಕಷ್ಟು ಹುಡಿ ನಷ್ಟವಾಗುವುದರಿಂದ ಕೆಲವೆಡೆ ಪ್ಲಾಸ್ಟಿಕ್ ಹೊದಿಕೆಯ ಸೌರ ಒಣಗುಮನೆಗಳನ್ನು ಬಳಸುತ್ತಾರೆ. ಹಿಂದೆ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಗರಿಗಳನ್ನು ಸೀಳಿ, ಕೋಲಿನಿಂದ ಬಡಿದು, ನೆಲಕ್ಕೆ ಬಿದ್ದ ಹುಡಿಯನ್ನು ಗುಡಿಸಿ ತೆಗೆಯುತ್ತಿದ್ದರು. ಇಂದು ಹೆಚ್ಚಿನ ಕಡೆ ಲಾರಿಯ ಮೇಲೆ ಕೂರಿಸಿದ ಯಂತ್ರವೊಂದು ಗರಿಯನ್ನು ಚೂರು ಮಾಡಿ ಹುಡಿಯನ್ನು ಬೇರ್ಪಡಿಸುತ್ತದೆ. ಯಂತ್ರದಿಂದ ಕೆಲಸ ಬೇಗ ಮುಗಿಯುತ್ತದೆ, ಆದರೆ ಟೋಪಿ, ಬುಟ್ಟಿ, ಚಾಪೆ ಹೆಣೆಯುವವರಿಗೆ ಬೇಕಾದ ಇಡೀ ಗರಿ ಉಳಿಯುವುದಿಲ್ಲ. ಒಂದು ಗರಿಯಿಂದ ದೊರೆಯುವ ಹುಡಿ ಕೆಲವೇ ಗ್ರಾಂ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಒಂದು ಮೂಟೆಯ ಹಿಂದೆ ಎಷ್ಟು ಮರಗಳಿವೆ, ಎಷ್ಟು ತೋಳುಗಳ ಶ್ರಮವಿದೆ ಎಂಬುದು ಊಹೆಗೆ ಬರುತ್ತದೆ.

ಇನ್ನೂ ಬಿಡಿಸಿಕೊಳ್ಳದ ಎಳೆಗರಿಯ ಹುಡಿಯಿಂದ ತಿಳಿ ಹಳದಿ ಬಣ್ಣದ ಮೇಲ್ದರ್ಜೆಯ ಮೇಣವೂ ಬಲಿತ ಗರಿಯ ಹುಡಿಯಿಂದ ಕಂದು ಬಣ್ಣದ ಮೇಣವೂ ಸಿಗುತ್ತವೆ. ಹುಡಿಯನ್ನು ಕರಗಿಸಿ, ಸೋಸಿ, ಗಟ್ಟಿಯಾದ ಹಲ್ಲೆಗಳನ್ನಾಗಿ ಮಾಡುತ್ತಾರೆ. ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಇದಕ್ಕೆ 82ರಿಂದ 86 ಡಿಗ್ರಿ ಬೇಕು; ಉರಿಬಿಸಿಲಿನಲ್ಲಿ ನಿಂತ ಕಾರಿನ ಮೇಲೂ ಲೇಪ ಕರಗದೆ ನಿಲ್ಲುವುದು ಈ ಗುಣದಿಂದಲೇ. ಅಮೆರಿಕದ ಪಾಲಿಶ್ ಉದ್ಯಮಿ ಹರ್ಬರ್ಟ್ ಜಾನ್ಸನ್ 1935ರಲ್ಲಿ, ನೀರಿನ ಮೇಲೂ ಇಳಿಯಬಲ್ಲ ಸಿಕೋರ್ಸ್ಕಿ ವಿಮಾನವೊಂದರಲ್ಲಿ ತಂಡ ಕಟ್ಟಿಕೊಂಡು ಈ ಮರವನ್ನು ಅಧ್ಯಯನ ಮಾಡಲೆಂದೇ ಸೆಯಾರಾದ ರಾಜಧಾನಿ ಫೊರ್ಟಲೇಜಾಕ್ಕೆ ಬಂದಿದ್ದರು. ಅವರ ಮಗ 1998ರಲ್ಲಿ ಅದೇ ಮಾದರಿಯ ವಿಮಾನ ಕಟ್ಟಿಸಿ ಆ ಪಯಣವನ್ನು ಮತ್ತೆ ನಡೆಸಿದರು.

ಕೊಯ್ಲಿನವರ ಬದುಕಿನ ಬಗ್ಗೆ ಮಾತನಾಡದೆ ಈ ನಿರೂಪಣೆಯನ್ನು ಮುಂದುವರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಬ್ರೆಜಿಲ್‌ನ ಕಾರ್ಮಿಕ ತಪಾಸಣಾಧಿಕಾರಿಗಳು ಗುಲಾಮಗಿರಿಗೆ ಸಮಾನವಾದ ಸ್ಥಿತಿಯಲ್ಲಿ ದುಡಿಯುತ್ತಿದ್ದವರನ್ನು ಕಾರ್ನೌಬಾ ತೋಪುಗಳಿಂದ ಹಲವು ಬಾರಿ ಬಿಡಿಸಿದ್ದಾರೆ. ಶುದ್ಧ ನೀರಾಗಲಿ ಶೌಚಾಲಯವಾಗಲಿ ಇಲ್ಲದೆ, ಮರಗಳ ಕೆಳಗೇ ಮಲಗುತ್ತಿದ್ದ ಕಾರ್ಮಿಕರು ಅಲ್ಲಿದ್ದರು. ಕೊಳ್ಳುವ ಕಂಪನಿಗಳು ಮೇಣದ ದರ್ಜೆಯನ್ನು ಪರೀಕ್ಷಿಸುವಷ್ಟೇ ಕಟ್ಟುನಿಟ್ಟಾಗಿ ಕೂಲಿ, ಊಟ, ವಸತಿಗಳನ್ನೂ ಪರೀಕ್ಷಿಸಬೇಕೆಂದು ನಾನು ನಂಬಿದ್ದೇನೆ. ತೋಪುಗಳಿಗೆ ಇನ್ನೊಂದು ಅಪಾಯ ಮಡಗಾಸ್ಕರ್ ಮೂಲದ ರಬ್ಬರ್ ಬಳ್ಳಿಯದು. ಅದು ಕಾಂಡವನ್ನು ಹಬ್ಬಿ, ಮಂಡೆಯನ್ನು ಮುಚ್ಚಿ, ಬೆಳಕು ಸಿಗದಂತೆ ಮಾಡಿ ಮರವನ್ನೇ ಕೊಲ್ಲುತ್ತದೆ.

ಹುಡಿ ತೆಗೆದ ಬಳಿಕ ಉಳಿಯುವ ಗರಿಯ ಚೂರಿಗೆ ಇಲ್ಲಿ ಬಗಾನಾ ಎನ್ನುತ್ತಾರೆ; ಅದನ್ನು ಹೊಲಗಳಲ್ಲಿ ಮುಚ್ಚಿಗೆಯಾಗಿ ಹರಡಿ ತೇವ ಉಳಿಸಿಕೊಳ್ಳುತ್ತಾರೆ. ಕಾಂಡ ತೊಲೆಗೂ ಕಂಬಕ್ಕೂ ಆಗುತ್ತದೆ, ಹಣ್ಣು ದನಕರುಗಳಿಗೆ ಮೇವಾಗುತ್ತದೆ.

ಕರ್ನಾಟಕದ ಬೆಳೆಗಾರರು ಇದನ್ನು ನಮ್ಮಲ್ಲಿ ಬೆಳೆಯಬಹುದೇ ಎಂದು ಕೇಳುವುದು ಸಹಜ. ಬೆಚ್ಚಗಿನ ನಾಡಿನಲ್ಲಿ ಮರ ಬದುಕುತ್ತದೆ, ಅಲಂಕಾರಕ್ಕೂ ಒಪ್ಪುತ್ತದೆ. ಆದರೆ ಗಾಳಿಯಲ್ಲಿ ತೇವ ಹೆಚ್ಚಿರುವ ಕರಾವಳಿ, ಮಲೆನಾಡುಗಳಲ್ಲಿ ಮೇಣದ ಆದಾಯವನ್ನು ಎಣಿಸಿ ಇದನ್ನು ನೆಡುವುದು ಸರಿಯಲ್ಲ. ಬೆಳೆಯಲೇಬೇಕೆಂಬ ಆಸೆಯುಳ್ಳವರು ಕಪ್ಪಾಗಿ ಮಾಗಿದ ಹಣ್ಣಿನ ತಿರುಳನ್ನು ಪೂರ್ತಿಯಾಗಿ ತೆಗೆದು, ಬೀಜವನ್ನು ನೀರಿನಲ್ಲಿ ನೆನೆಸಿ, ಹೊಸದಿರುವಾಗಲೇ ಬಿತ್ತಬೇಕು. ಮೊಳಕೆ ಮೊದಲು ಕೆಳಮುಖವಾಗಿ ಇಳಿದು, ಅನಂತರವೇ ಎಲೆಯನ್ನು ಮೇಲಕ್ಕೆ ಕಳುಹಿಸುವುದರಿಂದ ಆಳವಾದ ಚೀಲ ಬೇಕು. ಬೇರು ತಳ ಮುಟ್ಟುವ ಮೊದಲು, ಮಳೆಗಾಲದ ಆರಂಭದಲ್ಲಿ, ಪೂರ್ಣ ಬಿಸಿಲು ಬೀಳುವ ಜಾಗಕ್ಕೆ ಸಸಿಯನ್ನು ಇಳಿಸಬೇಕು. ಬೆಳವಣಿಗೆ ಬಹಳ ನಿಧಾನ. ಸೆಯಾರಾದಲ್ಲಿಯೂ ಗರಿ ಕೊಯ್ಯುವಷ್ಟು ಮರ ಬಲಿಯಲು ಸುಮಾರು ಹತ್ತು ವರ್ಷ ಹಿಡಿಯುತ್ತದೆ.