ಕಡಲ ನಡುವಿನ ಕಲ್ಲು ಮಠ

ಕೇಳುಗರೇ, ನಮಸ್ಕಾರ.

ಐರ್ಲೆಂಡಿನ ನೈಋತ್ಯ ಮೂಲೆಯಲ್ಲಿ ಕೆರ್ರಿ ಅನ್ನುವ ಸೀಮೆಯಿದೆ. ಅಲ್ಲಿನ ದಡದಿಂದ ಸುಮಾರು 12 ಕಿಲೋಮೀಟರ್ ಆಚೆ, ಅಟ್ಲಾಂಟಿಕ್ ಸಾಗರದಲ್ಲಿ ಒಂದು ಬಂಡೆ ನೆಟ್ಟಗೆ ಎದ್ದು ನಿಂತಿದೆ. ಹೆಸರು ಸ್ಕೆಲ್ಲಿಗ್ ಮೈಕಲ್, ಎತ್ತರ 218 ಮೀಟರ್. ಸಾವಿರ ವರ್ಷಗಳಿಗೂ ಹಿಂದೆಯೇ ಕ್ರೈಸ್ತ ಸನ್ಯಾಸಿಗಳು ಇಲ್ಲಿಗೆ ಬಂದು ಮಠ ಕಟ್ಟಿದರು.

ಯಾಕೆ ಇಂಥ ಜಾಗ? ಈಜಿಪ್ಟಿನ ಮರುಭೂಮಿಯಲ್ಲಿ ಒಂಟಿಯಾಗಿ ತಪಸ್ಸಿಗೆ ಕೂತ ಕ್ರೈಸ್ತ ಸಾಧಕರ ಕತೆ ಐರ್ಲೆಂಡಿಗೂ ತಲುಪಿತ್ತು. ಆ ಮಳೆನಾಡಿನಲ್ಲಿ ಮರುಭೂಮಿ ಎಲ್ಲಿ ಸಿಗಬೇಕು? ಕಡಲಿಗೇ ಇಳಿದರು.

ಲೋಕ ಬಿಟ್ಟವರು ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ, ಅಲ್ವಾ? ಇವರ ಕೆಲಸ ನೋಡಿದರೆ ಪಕ್ಕಾ ಸಂಸಾರಸ್ಥರ ಲೆಕ್ಕಾಚಾರ ಕಾಣುತ್ತದೆ. ಮೊದಲು ನೀರಿನ ವಿಚಾರ. ದ್ವೀಪದಲ್ಲಿ ಒರತೆಯಿಲ್ಲ, ಬಾವಿಯಿಲ್ಲ. ಬಂಡೆಯ ಮೇಲೆ ಬಿದ್ದ ಮಳೆನೀರನ್ನೇ ಕಲ್ಲಿನ ತೊಟ್ಟಿಗಳಿಗೆ ಹರಿಸಿಕೊಂಡರು. ಕಡಿದಾದ ಇಳಿಜಾರಿಗೆ ತಡೆಗೋಡೆ ಕಟ್ಟಿ ನೆಲ ಸಮ ಮಾಡಿದರು, ಸಣ್ಣ ಕೈತೋಟವನ್ನೂ ಮಾಡಿಕೊಂಡರು. ಉಳಿದಂತೆ ಮೀನು, ಕಡಲಹಕ್ಕಿ, ಅವುಗಳ ಮೊಟ್ಟೆ.

ಇನ್ನು ಮನೆಗಳು. ಆರು ಕಲ್ಲಿನ ಗುಡಿಸಲುಗಳಿವೆ. ಹೊರಗಿನಿಂದ ಮಡಕೆ ಬೋರಲು ಹಾಕಿದ ಹಾಗೆ ದುಂಡಗೆ, ಒಳಗೆ ಮಾತ್ರ ಚೌಕ. ಗಾರೆ ಇಲ್ಲ, ಸುಣ್ಣವಿಲ್ಲ. ಪ್ರತಿ ವರಸೆಯ ಕಲ್ಲನ್ನೂ ಕೆಳಗಿನದಕ್ಕಿಂತ ಚೂರು ಒಳಗೆ ಚಾಚಿ ಇಡುತ್ತಾ ಹೋದರೆ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಆ ಗಾಳಿ, ಆ ಉಪ್ಪುನೀರಿನ ನಡುವೆಯೂ ಅವು ಇವತ್ತಿಗೂ ನಿಂತಿವೆ. ಇಷ್ಟೂ ಸಾಲದು ಅನ್ನಿಸಿತೋ ಏನೋ, ಒಬ್ಬರು ದಕ್ಷಿಣದ ಶಿಖರದ ತುದಿಯ ಹತ್ತಿರವೂ ಒಂಟಿ ನೆಲೆ ಮಾಡಿಕೊಂಡರು. ಅಲ್ಲೂ ಮಳೆನೀರು ಹಿಡಿಯಲು ಬಂಡೆಯಲ್ಲೇ ಕುಳಿ ಕಡೆದಿದ್ದಾರೆ.

ಅಷ್ಟು ದೂರ ಹೋದರೂ ಲೋಕ ಬೆನ್ನು ಬಿಡಲಿಲ್ಲ. 9ನೇ ಶತಮಾನದಲ್ಲಿ ವೈಕಿಂಗ್ ದಾಳಿಕೋರರು ಬಂದರು. ಎತ್‌ಗಲ್ ಎಂಬುವರನ್ನು ಹಿಡಿದೊಯ್ದರು, ಅವರು ಹಸಿವು ಬಾಯಾರಿಕೆಯಿಂದ ತೀರಿಕೊಂಡರು ಅಂತ ಐರ್ಲೆಂಡಿನ ಹಳೆಯ ವಾರ್ಷಿಕ ದಾಖಲೆಗಳು ಹೇಳುತ್ತವೆ. ಆದರೂ ಮಠ ಮುಂದೆ ಕೆಲವು ಶತಮಾನ ನಡೆಯಿತು. ಹವೆ ಕೆಡುತ್ತಾ ಬಂದಂತೆ, 13ನೇ ಶತಮಾನದ ಹೊತ್ತಿಗೆ, ಸನ್ಯಾಸಿಗಳು ಎದುರು ದಡದ ಬ್ಯಾಲಿನ್‌ಸ್ಕೆಲ್ಲಿಗ್ಸ್‌ಗೆ ನೆಲೆ ಬದಲಿಸಿದರು.

1996ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಬೇಸಿಗೆಯಲ್ಲಿ ಮಾತ್ರ ದೋಣಿ ಬಿಡುತ್ತಾರೆ, ದಿನಕ್ಕೆ ಇಷ್ಟೇ ಜನ ಅಂತ ಮಿತಿಯೂ ಇದೆ. ಅಲೆ ಜಾಸ್ತಿಯಿದ್ದರೆ ದ್ವೀಪದಲ್ಲಿ ಇಳಿಯೋಕಾಗಲ್ಲ. ಇಳಿದರೆ ಮುಂದೆ ಸನ್ಯಾಸಿಗಳೇ ಹಾಕಿದ ಆರುನೂರಕ್ಕೂ ಹೆಚ್ಚು ಕಲ್ಲು ಮೆಟ್ಟಿಲು ಹತ್ತಬೇಕು. ತಲೆಸುತ್ತು ಬರುವವರು ದೋಣಿಯಲ್ಲೇ ಕೂತು ದ್ವೀಪಕ್ಕೆ ಒಂದು ಸುತ್ತು ಹಾಕಿ ಬರುವುದೇ ವಾಸಿ.